ಹತ್ತನೇ ಒಂದು ಪಾಲು: ಹಳೆಯ ಸೂತ್ರ ಎಲ್ಲಿಯವರೆಗೆ ನಡೆಯುತ್ತದೆ?

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತದೆ ನಮ್ಮ ಗಾದೆ. ಹಾಸಿಗೆಯನ್ನೇ ಮೊದಲು ಒಂದು ಮಡಿಕೆ ಮಡಚಿಟ್ಟುಬಿಡು ಅನ್ನುವುದು ಅಮೆರಿಕದ ಜಾರ್ಜ್ ಕ್ಲೇಸನ್ ತೋರಿಸಿದ ದಾರಿ. 1926ರಿಂದ ಆತ ಪ್ರಾಚೀನ ಬ್ಯಾಬಿಲೋನಿನ ಕಥೆಗಳಾಗಿ ಬರೆದ ಕಿರುಹೊತ್ತಿಗೆಗಳ ಲೆಕ್ಕ ಹೀಗಿದೆ: ಗಳಿಕೆಯ ಹತ್ತನೇ ಒಂದು ಪಾಲು ಮೊದಲು ಎತ್ತಿಡು, ಏಳು ಪಾಲಿನಲ್ಲಿ ಮನೆ ನಡೆಸು, ಉಳಿದೆರಡು ಪಾಲು ಸಾಲ ಕೊಟ್ಟವರಿಗೆ ಹಂಚು.

ಇದರಲ್ಲಿ ನಿಜವಾಗಿ ಕೆಲಸ ಮಾಡುವುದು ‘ಮೊದಲು’ ಅನ್ನುವ ಪದ. ತಿಂಗಳ ಕೊನೆಗೆ ಉಳಿದದ್ದನ್ನು ಕೂಡಿಡೋಣ ಅಂದರೆ ಉಳಿಯುವುದೇ ಅಪರೂಪ. ಖಾತೆಯಲ್ಲಿ ಕಾಣುವ ದುಡ್ಡಿಗೆ ಖರ್ಚು ತಾನಾಗಿ ಹುಟ್ಟಿಕೊಳ್ಳುತ್ತದೆ. ಸಂಬಳ 1ಕ್ಕೆ ಬರುವುದಾದರೆ, 3ನೇ ತಾರೀಕು ಬೇರೆ ಬ್ಯಾಂಕಿನ ಖಾತೆಗೆ ಹಣ ಹೋಗುವಂತೆ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಡಿ. ಆ ಖಾತೆಗೆ ಯುಪಿಐ ಜೋಡಿಸಬೇಡಿ, ಅದರ ಡೆಬಿಟ್ ಕಾರ್ಡ್ ಬೀರುವಿನಲ್ಲೇ ಇರಲಿ. 1ಕ್ಕೇ ದಿನ ಗೊತ್ತು ಮಾಡಿದರೆ, ಸಂಬಳ ಒಂದು ದಿನ ತಡವಾದರೂ ಕಂತು ಬೌನ್ಸ್ ಆಗಿ ದಂಡ ಬೀಳಬಹುದು. ಸರ್ಕಾರದ ದೀರ್ಘಾವಧಿ ಉಳಿತಾಯ ಯೋಜನೆಯಾದ ಪಿಪಿಎಫ್‌ಗೆ ಕಟ್ಟುವವರು 5 ದಾಟಿಸಲೂಬಾರದು, 5ರೊಳಗೆ ಬಿದ್ದ ಹಣಕ್ಕೆ ಮಾತ್ರ ಆ ತಿಂಗಳ ಬಡ್ಡಿ. ಪಿಎಫ್ ಕಡಿತವಾಗುತ್ತಿದೆಯಲ್ಲ, ಅದೇ ನನ್ನ ಹತ್ತನೇ ಪಾಲು ಎಂದು ಕೆಲವರು ಸಮಾಧಾನ ಮಾಡಿಕೊಳ್ಳುತ್ತಾರೆ. ಅದು ಮುಪ್ಪಿನ ದುಡ್ಡು. ನಾಳೆ ಆಸ್ಪತ್ರೆ ಖರ್ಚು ಬಂದರೆ ಅದರ ಮೇಲೆ ಕೈ ಇಡುವಂತಾಗಬಾರದು.

ಸೂತ್ರ ದೊಡ್ಡದಾಗಿ ಎಡವುವುದು ಸಾಲದ ವಿಷಯದಲ್ಲಿ. ಕಥೆಯಲ್ಲಿ ಸಾಲ ಕೊಟ್ಟವರೆಲ್ಲರಿಗೂ ಆ ಎರಡು ಪಾಲನ್ನು ನ್ಯಾಯವಾಗಿ ಹಂಚಲಾಗುತ್ತದೆ, ಜೊತೆಗೆ ಉಳಿತಾಯವೂ ನಡೆಯುತ್ತದೆ. ಇವತ್ತಿನ ಕ್ರೆಡಿಟ್ ಕಾರ್ಡಿಗೆ ಈ ಲೆಕ್ಕ ಹಚ್ಚಿ ನೋಡಿ. ತಿಂಗಳಿಗೆ ಶೇ 3.5 ಬಡ್ಡಿಯ ಕಾರ್ಡಿನಲ್ಲಿ 50,000 ರೂಪಾಯಿ ಬಾಕಿ ಇದೆ, ‘ಮಿನಿಮಮ್ ಡ್ಯೂ’ (ಕಟ್ಟಲೇಬೇಕಾದ ಕನಿಷ್ಠ ಮೊತ್ತ) ಶೇ 5 ಅಂದರೆ 2,500 ಕಟ್ಟುತ್ತೀರಿ ಎನ್ನಿ. ಬಡ್ಡಿ 1,750, ಅದರ ಮೇಲೆ ಶೇ 18ರ ಜಿಎಸ್‌ಟಿ 315. ಅಸಲಿಗೆ ಹೋದದ್ದು 435 ರೂಪಾಯಿ ಮಾತ್ರ! ಬಾಕಿ ಪೂರ್ತಿ ತೀರುವವರೆಗೆ ಹೊಸ ಖರೀದಿಗೂ ಮೊದಲ ದಿನದಿಂದಲೇ ಬಡ್ಡಿ ಓಡುತ್ತದೆ. ಇಂಥ ಸಾಲ ಇಟ್ಟುಕೊಂಡು ಶೇ 7ರ ಆರ್‌ಡಿ (ತಿಂಗಳ ಕಂತಿನ ಠೇವಣಿ) ಕಟ್ಟುವುದು ತೂತು ಕೊಡದಲ್ಲಿ ನೀರು ಹೊತ್ತಂತೆ. ಕೈಸಾಲವೂ ಹೀಗೆಯೇ. ‘ಮೂರು ರೂಪಾಯಿ ಬಡ್ಡಿ’ ಅಂದರೆ ಹಗುರವಾಗಿ ಕೇಳಿಸುತ್ತದೆ. ಅದು ನೂರಕ್ಕೆ ತಿಂಗಳಿಗೆ ಮೂರು, ವರ್ಷಕ್ಕೆ ಶೇ 36.

ಹಾಗಾಗಿ ನನ್ನ ಸಲಹೆಯ ಕ್ರಮ ಬೇರೆ. ಮೊದಲು ಒಂದು ತಿಂಗಳ ಮನೆಖರ್ಚಿನಷ್ಟು ನಗದು ಕೂಡಲಿ. ಅದೂ ಇಲ್ಲದಿದ್ದರೆ ಸ್ಕೂಟರ್ ಕೆಟ್ಟರೂ ಮತ್ತೆ ಕಾರ್ಡನ್ನೇ ಉಜ್ಜಬೇಕಾಗುತ್ತದೆ. ಆಮೇಲೆ ಹತ್ತನೇ ಪಾಲು, ಎರಡು ಪಾಲು ಎರಡನ್ನೂ ಸೇರಿಸಿ ಅತಿ ಹೆಚ್ಚು ಬಡ್ಡಿಯ ಸಾಲಕ್ಕೆ ಸುರಿಯಿರಿ, ಉಳಿದ ಸಾಲಗಳಿಗೆ ಕಟ್ಟಲೇಬೇಕಾದ ಕಂತು ಮಾತ್ರ. ಶೇ 12ಕ್ಕಿಂತ ಮೇಲಿನ ಬಡ್ಡಿಯದ್ದೆಲ್ಲ ತೀರಿದ ಮೇಲೆ ಹತ್ತನೇ ಪಾಲು ಮತ್ತೆ ಉಳಿತಾಯಕ್ಕೆ ಬರಲಿ. ಗೃಹಸಾಲ ತೀರುವವರೆಗೆ ಕಾಯಬೇಕಿಲ್ಲ.

ಇನ್ನು ರೂಪಾಯಿ ಕರಗುವ ವಿಷಯ. ಕ್ಲೇಸನ್ ಕಥೆಗಳಲ್ಲಿ ಕೂಡಿಡುವುದು ಚಿನ್ನವನ್ನು, ನಾವು ಕೂಡಿಡುವುದು ನೋಟನ್ನು. ತಿಂಗಳಿಗೆ 2,000 ರೂಪಾಯಿಯನ್ನು ಶೇ 7ರಂತೆ 20 ವರ್ಷ ಬೆಳೆಸಿದರೆ ಸುಮಾರು 10.4 ಲಕ್ಷ ಆಗುತ್ತದೆ. ಬೆಲೆಗಳು ವರ್ಷಕ್ಕೆ ಶೇ 5ರಂತೆ ಏರಿದರೆ ಆ ಹಣಕ್ಕೆ ಆಗ ಬರುವ ಸಾಮಾನು ಇವತ್ತಿನ 3.9 ಲಕ್ಷದ್ದು. ಮೊತ್ತವನ್ನು 2,000ದಲ್ಲೇ ನಿಲ್ಲಿಸುವುದು ಇಲ್ಲಿ ಆಗುವ ತಪ್ಪು. ಸಂಬಳ ಏರಿದ ತಿಂಗಳೇ ಇನ್‌ಸ್ಟ್ರಕ್ಷನ್ ತಿದ್ದಿ, ಏರಿಕೆಯ ಅರ್ಧ ಉಳಿತಾಯಕ್ಕೆ ಸೇರಲಿ.

ಅಡಿಕೆ, ಕಾಫಿ ಬೆಳೆಗಾರರ ಮನೆಗೆ ತಿಂಗಳ ಸೂತ್ರ ಹೊಂದುವುದೇ ಇಲ್ಲ. ಕೊಯ್ಲಿನ ದುಡ್ಡು ವರ್ಷಕ್ಕೊಮ್ಮೆ ಬರುತ್ತದೆ, ಪೂರ್ತಿ ಆದಾಯದಂತೆ ಕಾಣುತ್ತದೆ. ಮೊದಲು ಸಹಕಾರ ಸಂಘದ ಬೆಳೆಸಾಲ ತೀರಿಸಿ, ಗಡುವು ತಪ್ಪಿದರೆ ಬಡ್ಡಿ ರಿಯಾಯಿತಿಯೂ ಹೋಗುತ್ತದೆ. ಆಮೇಲೆ ಮುಂದಿನ ವರ್ಷದ ಗೊಬ್ಬರ, ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ, ಕೂಲಿ ಬೇರೆ ಇಡಿ. ಉಳಿದದ್ದೇ ನಿಜವಾದ ಗಳಿಕೆ, ಹತ್ತನೇ ಪಾಲು ತೆಗೆಯಬೇಕಾದ್ದು ಅದರಿಂದ. ಮಿಕ್ಕದ್ದನ್ನು ಹನ್ನೆರಡರಿಂದ ಭಾಗಿಸಿ ತಿಂಗಳ ಖರ್ಚಿಗೆ ಬಿಡಿಸಿಕೊಳ್ಳಿ. ಬಾಡಿಗೆಗೇ ಅರ್ಧ ಸಂಬಳ ಹೋಗುವ ಮನೆಯವರಿಗೆ ‘ಏಳು ಪಾಲಿನಲ್ಲಿ ಬದುಕು’ ಅನ್ನುವುದು ಅನ್ಯಾಯದ ಮಾತು. ಅವರು ಶೇ 2ರಿಂದ ಶುರು ಮಾಡಲಿ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

1937ರಲ್ಲಿ ಅಮೆರಿಕದ ಇನ್ನೊಬ್ಬ ಲೇಖಕ ನೆಪೋಲಿಯನ್ ಹಿಲ್ ಕೊಟ್ಟ ಉಪದೇಶ ಇನ್ನೊಂದು ಬಗೆಯದು: ಬೇಕಾದ ಮೊತ್ತ, ದಿನಾಂಕ, ಬದಲಿಗೆ ಏನು ಕೊಡುತ್ತೀ ಎಂದು ಬರೆದು ದಿನಕ್ಕೆರಡು ಸಲ ಗಟ್ಟಿಯಾಗಿ ಓದು. ಮೊತ್ತ, ದಿನಾಂಕ ಬರೆಯುವುದು ಒಳ್ಳೆಯದೇ. ಆದರೆ ಗೆದ್ದವರನ್ನು ಮಾತ್ರ ನೋಡಿ ಕಟ್ಟಿದ ಸೂತ್ರದಲ್ಲಿ, ಅಷ್ಟೇ ನಂಬಿಕೆಯಿಂದ ದುಡಿದು ಸೋತವರ ಲೆಕ್ಕ ಸಿಗುವುದಿಲ್ಲ.

ಕ್ಲೇಸನ್ ಹೊತ್ತಿಗೆಗಳನ್ನು ಅಮೆರಿಕದ ಬ್ಯಾಂಕುಗಳು, ವಿಮಾ ಕಂಪನಿಗಳೇ ಹಂಚಿದವು. ಕೆಲವೇ ವರ್ಷಗಳಲ್ಲಿ, 1930ರಿಂದ 1933ರ ನಡುವೆ, ಅಲ್ಲಿನ ಸುಮಾರು 9,000 ಬ್ಯಾಂಕುಗಳು ಮುಚ್ಚಿದವು. ತಪ್ಪದೆ ಕೂಡಿಟ್ಟವರೂ ದುಡ್ಡು ಕಳೆದುಕೊಂಡರು. ಅಲ್ಲಿ ಠೇವಣಿದಾರರನ್ನು ಕಾಯುವ ವಿಮೆ 1934ರಲ್ಲಿ ಕಾನೂನಿನಿಂದ ಜಾರಿಗೆ ಬಂತು. ಯಾರ ಶಿಸ್ತೂ ಅದನ್ನು ತರಲು ಆಗುತ್ತಿರಲಿಲ್ಲ. ನಮ್ಮಲ್ಲಿ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಸೇರಿ 5 ಲಕ್ಷದವರೆಗೆ ಈ ರಕ್ಷಣೆ ಇದೆ. ಸಹಕಾರಿ ಬ್ಯಾಂಕುಗಳಿಗೂ ಇದೆ. ಬ್ಯಾಂಕ್ ಲೈಸೆನ್ಸ್ ಇಲ್ಲದ ಪತ್ತಿನ ಸಹಕಾರ ಸಂಘಗಳಿಗೆ, ಸೌಹಾರ್ದ ಸಹಕಾರಿಗಳಿಗೆ ಇಲ್ಲ. ಶೇ 1 ಹೆಚ್ಚು ಬಡ್ಡಿ ಎಂದು ಕೂಡಿಟ್ಟ ಗಂಟನ್ನು ಅಲ್ಲಿಗೆ ಒಯ್ಯುವ ಮುನ್ನ ಕೌಂಟರಿನಲ್ಲಿ ನೇರವಾಗಿ ಕೇಳಿ: ಇದು ಬ್ಯಾಂಕೋ ಸಂಘವೋ, ಈ ವಿಮೆ ಕೊಡುವ ಡಿಐಸಿಜಿಸಿ ಸಂಸ್ಥೆಯ ನೋಂದಣಿ ಪತ್ರ ಎಲ್ಲಿದೆ?