ಫಿಲಡೆಲ್ಫಿಯಾದ ಆಚೆ ಮೂರು ಪುಟ್ಟ ಕಾಲೇಜುಗಳು: ಹಳೆಯ ಕಟ್ಟಡ ಇಷ್ಟಪಡುವವರಿಗೆ

ಫಿಲಡೆಲ್ಫಿಯಾಗೆ ಬಂದವರು ಸಾಮಾನ್ಯವಾಗಿ ಲಿಬರ್ಟಿ ಬೆಲ್ ನೋಡಿ, ಇಂಡಿಪೆಂಡೆನ್ಸ್ ಹಾಲ್ ಮುಂದೆ ಫೋಟೋ ತೆಗೆಸಿಕೊಂಡು ನ್ಯೂಯಾರ್ಕ್ ಬಸ್ ಹತ್ತಿಬಿಡುತ್ತಾರೆ. ಇನ್ನೊಂದು ದಿನ ಬಿಡುವಿದ್ದರೆ, ಹಳೆಯ ಕಟ್ಟಡಗಳ ಹುಚ್ಚೂ ಸ್ವಲ್ಪ ಇದ್ದರೆ, ಊರಾಚೆಯ ಹ್ಯಾವರ್‌ಫೋರ್ಡ್, ಬ್ರಿನ್ ಮಾರ್, ಸ್ವಾರ್ಥ್‌ಮೋರ್ ಕಾಲೇಜುಗಳಿಗೆ ಹೋಗಿ ಬನ್ನಿ. ಮೂರನ್ನೂ ಶುರು ಮಾಡಿದವರು ಕ್ವೇಕರ್ ಎಂಬ ಕ್ರೈಸ್ತ ಪಂಥದವರು. ಉಡುಗೆಯಿಂದ ಹಿಡಿದು ಪ್ರಾರ್ಥನಾ ಮಂದಿರದವರೆಗೆ ಯಾವುದರಲ್ಲೂ ಆಡಂಬರ ಕೂಡದು ಅನ್ನುವುದು ಅವರ ನಿಷ್ಠೆ. ಆ ನಿಷ್ಠೆ ಎಲ್ಲಿ ಉಳಿಯಿತು, ಎಲ್ಲಿ ಸಡಿಲವಾಯಿತು ಅನ್ನುವುದು ಕಟ್ಟಡಗಳಲ್ಲೇ ಕಾಣುತ್ತದೆ. ಅದಕ್ಕೇ ನೋಡುವ ಕ್ರಮ ಮುಖ್ಯ. ಬ್ರಿನ್ ಮಾರ್ ಮೊದಲು ನೋಡಿಬಿಟ್ಟರೆ ಹ್ಯಾವರ್‌ಫೋರ್ಡ್ ಸಪ್ಪೆ ಅನ್ನಿಸುತ್ತದೆ, ಅದು ಅನ್ಯಾಯ.

ಕಾರು ಬೇಕಿಲ್ಲ. ಸೆಪ್ಟಾ ಸಂಸ್ಥೆಯ ಉಪನಗರ ರೈಲುಗಳು ನಗರದ 30ನೇ ಸ್ಟ್ರೀಟ್, ಸಬರ್ಬನ್, ಜೆಫರ್ಸನ್ ಈ ಮೂರೂ ನಿಲ್ದಾಣಗಳನ್ನು ಹಾದು ಹೋಗುತ್ತವೆ. ಪೇಯೋಲಿ/ಥಾರ್ನ್‌ಡೇಲ್ ಮಾರ್ಗದಲ್ಲಿ ಹ್ಯಾವರ್‌ಫೋರ್ಡ್, ಅದರ ಮುಂದಿನ ಸ್ಟೇಷನ್ನೇ ಬ್ರಿನ್ ಮಾರ್. ಸ್ವಾರ್ಥ್‌ಮೋರ್ ಇರುವುದು ಬೇರೆ ಮಾರ್ಗದಲ್ಲಿ, ಮೀಡಿಯಾ/ವಾವಾ ಲೈನಿನಲ್ಲಿ. ಹಾಗಾಗಿ ಮಧ್ಯಾಹ್ನ ನಗರಕ್ಕೆ ವಾಪಸು ಬಂದು ರೈಲು ಬದಲಿಸಬೇಕು. ಶನಿವಾರ, ಭಾನುವಾರ ರೈಲುಗಳು ವಿರಳ. ಒಂದು ತಪ್ಪಿದರೆ ಪ್ಲಾಟ್‌ಫಾರ್ಮಿನಲ್ಲೇ ಬಹಳ ಹೊತ್ತು ಕೂರಬೇಕಾಗುತ್ತದೆ, ವೇಳಾಪಟ್ಟಿಯನ್ನು ಹಿಂದಿನ ರಾತ್ರಿಯೇ ನೋಡಿಟ್ಟುಕೊಳ್ಳಿ.

ಹ್ಯಾವರ್‌ಫೋರ್ಡ್ ಶುರುವಾದದ್ದು 1833ರಲ್ಲಿ. ಆಗ ಇದ್ದದ್ದು ಫೌಂಡರ್ಸ್ ಹಾಲ್ ಒಂದೇ. ಪಾಠ, ಊಟ, ನಿದ್ದೆ ಎಲ್ಲವೂ ಅದರೊಳಗೇ. ಗಾರೆ ಮೆತ್ತಿದ ಗೋಡೆ, ಸಾಲಾಗಿ ಒಂದೇ ಅಳತೆಯ ಕಿಟಕಿಗಳು, ಮುಂದೊಂದು ಜಗಲಿ, ಮೇಲೊಂದು ಗಂಟೆಗೋಪುರ. ಕೆತ್ತನೆ ಹುಡುಕಬೇಡಿ, ಸಿಗುವುದಿಲ್ಲ. ಸ್ವಲ್ಪ ದೂರ ಹೋಗಿ ತಿರುಗಿ ನೋಡಿ, ಕಿಟಕಿಗೂ ಗೋಡೆಗೂ ಇರುವ ಪ್ರಮಾಣ ಎಷ್ಟು ಹದವಾಗಿದೆ ಅನ್ನುವುದು ಆಗ ತಿಳಿಯುತ್ತದೆ. 1877ರ ಬಾರ್ಕ್ಲೇ ಹಾಲ್ ಪಕ್ಕಕ್ಕೆ ಬಂದರೆ ಕಲ್ಲು, ಗೋಪುರ, ಚೂಪು ಛಾವಣಿ. ನಲವತ್ನಾಲ್ಕು ವರ್ಷದಲ್ಲಿ ಬಿಗಿ ಸಡಿಲವಾಗಿದೆ. ಅದರ ವಿನ್ಯಾಸಕ ಆಡಿಸನ್ ಹಟನ್, ಅವರೂ ಕ್ವೇಕರೇ.

ಕ್ರಿಕೆಟ್ ಪ್ರಿಯರಿಗೆ ಒಂದು ಮಾತು. ಇಲ್ಲಿನ ಮರಗಿಡಗಳ ವಿನ್ಯಾಸ ಮಾಡಿದ್ದು ವಿಲಿಯಂ ಕಾರ್ವಿಲ್ ಎಂಬ ಇಂಗ್ಲಿಷ್ ತೋಟಗಾರ. ಹುಡುಗರಿಗೆ ಕ್ರಿಕೆಟ್ ಕಲಿಸಿದ್ದೂ ಅವನೇ ಎನ್ನುತ್ತಾರೆ. ಬೇಸ್‌ಬಾಲ್ ದೇಶದ ನಡುವೆ ಈ ಕಾಲೇಜು ಇಂದಿಗೂ ಅಧಿಕೃತ ಕ್ರಿಕೆಟ್ ತಂಡ ಇಟ್ಟುಕೊಂಡಿದೆ, ಕೋಪ್ ಫೀಲ್ಡ್ ಎಂಬ ಮೈದಾನವೂ ಕ್ರಿಕೆಟ್‌ಗೇ ಮೀಸಲಾದ ಗ್ರಂಥಾಲಯವೂ ಇವೆ. ಕ್ಯಾಂಪಸ್ ಸುತ್ತ 2.2 ಮೈಲಿಯ ಕಾಲುದಾರಿಯಿದೆ. ಚೆನ್ನಾಗಿದೆ ನಿಜ, ಆದರೆ ಕಟ್ಟಡಕ್ಕಾಗಿ ಬಂದವರು ಅದನ್ನು ಬಿಡಬಹುದು. ಕಾಲಿನ ಶಕ್ತಿ ಮುಂದಕ್ಕೆ ಬೇಕಾಗುತ್ತದೆ.

ದಿನದ ದೊಡ್ಡ ಪಾಲು ಬ್ರಿನ್ ಮಾರ್‌ಗೆ ಇಟ್ಟುಕೊಳ್ಳಿ. 1885ರಲ್ಲಿ ಪಾಠ ಆರಂಭಿಸಿದ ಈ ಮಹಿಳಾ ಕಾಲೇಜಿನ ಮೊದಲ ಕಟ್ಟಡ ಟೇಲರ್ ಹಾಲ್ ಕೂಡ ಹಟನ್ ಅವರದೇ. ಗಂಭೀರ, ಬೂದು, ಸ್ವಲ್ಪ ಸಿಡುಕು ಮುಖ. ಆಮೇಲೆ ಬಂದವರು ವಾಲ್ಟರ್ ಕೋಪ್ ಮತ್ತು ಜಾನ್ ಸ್ಟೂವರ್ಡ್‌ಸನ್ ಜೋಡಿ. ಡೆನ್‌ಬಿ ಹಾಲ್, ಪೆಂಬ್ರೋಕ್‌ನ ಎರಡು ಭಾಗಗಳು, ರಾಕ್‌ಫೆಲರ್ ಹಾಲ್ ಹೀಗೆ ಒಂದೊಂದಾಗಿ ಕಟ್ಟುತ್ತ ಹೋದಂತೆ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಗೋಥಿಕ್, ಎಂದರೆ ಚೂಪು ಕಮಾನು, ಗೋಪುರಗಳ ಮಧ್ಯಯುಗದ ಶೈಲಿ, ಇಲ್ಲಿ ಬೇರುಬಿಟ್ಟಿತು. ಪ್ರಿನ್ಸ್‌ಟನ್‌ನ ಬ್ಲೇರ್ ಹಾಲ್ ಕಟ್ಟಿದ್ದೂ ಇದೇ ಜೋಡಿಯ ಸಂಸ್ಥೆ. ಅಮೆರಿಕದ ಕಾಲೇಜು ಎಂದರೆ ಸಿನಿಮಾಗಳಲ್ಲಿ ಕಾಣುವ ಆ ಕಲ್ಲುಗೋಪುರದ ಚಿತ್ರ ರೂಪುಗೊಂಡ ಮೊದಲ ಜಾಗಗಳಲ್ಲಿ ಇದೂ ಒಂದು.

ಒಳಗೆ ಹೋಗುವುದಾದರೆ ಪೆಂಬ್ರೋಕ್ ಕಮಾನಿನ ಕೆಳಗಿಂದಲೇ ಹೋಗಿ. ಮೂಲೆಗೋಪುರಗಳ ಆ ಹೆಬ್ಬಾಗಿಲಿನಲ್ಲಿ ನಿಂತು ಗೋಡೆಯನ್ನು ಹತ್ತಿರದಿಂದ ನೋಡಿ. ಈ ಸೀಮೆಯ ಬೂದುಗಲ್ಲಿನಲ್ಲಿ ಅಭ್ರಕದ ಚೂರುಗಳಿರುತ್ತವೆ, ಓರೆಬಿಸಿಲು ಬಿದ್ದಾಗ ಗೋಡೆ ಮಿಣುಗುತ್ತದೆ. ನಡುಮಧ್ಯಾಹ್ನ ಹೋದವರಿಗೆ ಇದು ಕಾಣುವುದಿಲ್ಲ.

ಅಲ್ಲಿಂದ ಓಲ್ಡ್ ಲೈಬ್ರರಿ. ಅದರ ಗ್ರೇಟ್ ಹಾಲ್‌ಗೆ ಆಕ್ಸ್‌ಫರ್ಡಿನ ವಾಡಮ್ ಕಾಲೇಜಿನ ಊಟದ ಮನೆ ಮಾದರಿ. ಸರಳತೆಯ ಮಾತು ಇಲ್ಲಿಗೆ ಮುಗಿಯಿತು ಅಂದುಕೊಳ್ಳಿ! ಒಳಗೆ ಗ್ರೀಕರ ವಿವೇಕದ ದೇವತೆ ಅಥೀನಾಳ ಪ್ರತಿಮೆ ಇದೆ, ಪರೀಕ್ಷೆ ಹತ್ತಿರ ಬಂದಾಗ ವಿದ್ಯಾರ್ಥಿನಿಯರು ಅವಳ ಮುಂದೆ ಕಾಣಿಕೆ ಇಡುತ್ತಾರೆ. ಹಿಂದೆ ಈ ಕಟ್ಟಡಕ್ಕೆ ಎರಡನೇ ಅಧ್ಯಕ್ಷೆ ಎಂ. ಕೇರಿ ಥಾಮಸ್ ಅವರ ಹೆಸರಿತ್ತು. ಕಾಲೇಜಿಗೆ ಈ ರೂಪ ಬರಲು ಅವರ ಹಟವೇ ಮುಖ್ಯ ಕಾರಣ. ಆದರೆ ಕಪ್ಪು ವರ್ಣೀಯರನ್ನೂ ಯಹೂದಿಗಳನ್ನೂ ದೂರವಿಟ್ಟ ಅವರ ಧೋರಣೆಯ ಕಾರಣಕ್ಕೆ ಕಾಲೇಜು ಆ ಹೆಸರನ್ನು ಕೈಬಿಟ್ಟಿದೆ. ಹಳೆಯ ನಕ್ಷೆಯಲ್ಲಿ ಥಾಮಸ್ ಲೈಬ್ರರಿ ಎಂದಿದ್ದರೆ ಗೊಂದಲ ಬೇಡ, ಎರಡೂ ಒಂದೇ.

ಈ ಕಟ್ಟಡದ ಹೊಟ್ಟೆಯೊಳಗಿದೆ ಕ್ಲಾಯ್ಸ್ಟರ್, ಎಂದರೆ ಸುತ್ತ ಕಮಾನುಗಳ ಪಡಸಾಲೆಯಿರುವ ಅಂಗಳ. ನಡೆಯುವಾಗ ತಲೆ ತಗ್ಗಿಸಿ ನೆಲ ನೋಡಿ. ಒಂದು ಕಡೆ ಹಾಸುಗಲ್ಲಿನ ಮೇಲೆ ಇ, ಎನ್ ಎಂಬ ಎರಡು ಅಕ್ಷರ, ಹುಟ್ಟಿದ ಮತ್ತು ತೀರಿಕೊಂಡ ವರ್ಷ, ಅಷ್ಟೇ. ಅದು ಗಣಿತಜ್ಞೆ ಎಮ್ಮಿ ನೋಥರ್ ಅವರ ಅಸ್ಥಿ ಇಟ್ಟ ಜಾಗ. ನಾಜಿಗಳು ಗಟಿಂಗೆನ್ ವಿಶ್ವವಿದ್ಯಾಲಯದಿಂದ ಹೊರಹಾಕಿದ ಮೇಲೆ 1933ರಲ್ಲಿ ಇಲ್ಲಿ ಪಾಠ ಮಾಡಲು ಬಂದು, 1935ರಲ್ಲಿ ತೀರಿಕೊಂಡರು. ಕೈಕಂಬವಾಗಲೀ ದೊಡ್ಡ ಫಲಕವಾಗಲೀ ಇಲ್ಲ. ಗೊತ್ತಿಲ್ಲದವರು ಹಾಗೇ ದಾಟಿ ಹೋಗುತ್ತಾರೆ.

ಕೊನೆಗೆ ಎರ್ಡ್‌ಮನ್ ಹಾಲ್. ಅಹಮದಾಬಾದಿನ ಐಐಎಂ ಕಟ್ಟಿದ ಲೂಯಿ ಕಾನ್ ಅವರದು, 1965ರ ಹಾಸ್ಟೆಲ್. ಮೂರು ಚೌಕಗಳನ್ನು ಮೂಲೆಗೆ ಮೂಲೆ ತಾಗಿಸಿ ನಿಲ್ಲಿಸಿದ ನಕ್ಷೆ, ಸ್ಲೇಟು ಹಲಗೆಗಳಿಗೆ ಕಾಂಕ್ರೀಟಿನ ಅಂಚು. ಗೋಥಿಕ್ ನೋಡಿ ಬಂದ ಕಣ್ಣಿಗೆ ಒರಟು ಎನ್ನಿಸಬಹುದು. ನನಗಂತೂ ಫೌಂಡರ್ಸ್ ಹಾಲ್‌ನ ನಿಜವಾದ ವಾರಸುದಾರ ಇದೇ ಅನ್ನಿಸಿತು. ಅಲಂಕಾರ ಏನೂ ಇಲ್ಲ, ಕೆಲಸವೆಲ್ಲ ಪ್ರಮಾಣದ್ದು, ಬೆಳಕಿನದು. ಮೂರೂ ಚೌಕಗಳ ನಡುವಿನ ಎತ್ತರದ ಕೋಣೆಗಳಿಗೆ ಬೆಳಕು ಇಳಿಯುವುದು ಛಾವಣಿಯ ಮೂಲೆಗೋಪುರಗಳಿಂದ. ಆದರೆ ಇದು ಹುಡುಗಿಯರು ವಾಸ ಮಾಡುವ ಜಾಗ. ಬಾಗಿಲ ಬಳಿ ಹೊಂಚು ಹಾಕುವುದು, ಕಿಟಕಿಗೆ ಕ್ಯಾಮೆರಾ ಹಿಡಿಯುವುದು ಬೇಡ. ಒಳಗೆ ನೋಡಲೇಬೇಕಿದ್ದರೆ ಮೊದಲೇ ಕಾಲೇಜಿಗೆ ಇಮೇಲ್ ಬರೆದು ಕೇಳಿ, ಅಥವಾ ಪ್ರವೇಶ ವಿಭಾಗದವರು ನಡೆಸುವ ಕ್ಯಾಂಪಸ್ ಟೂರ್ ಸೇರಿಕೊಳ್ಳಿ. ವಿದ್ಯಾರ್ಥಿನಿಯರೇ ಕರೆದುಕೊಂಡು ಹೋಗುತ್ತಾರೆ.

ಸ್ವಾರ್ಥ್‌ಮೋರ್‌ನಲ್ಲಿ ರೈಲಿಳಿದರೆ ಎದುರಿಗೇ ಮರಗಳ ಸಾಲಿನ ಮಗಿಲ್ ವಾಕ್, ದಿಬ್ಬದ ತುದಿಯಲ್ಲಿ ಪ್ಯಾರಿಶ್ ಹಾಲ್. 1881ರಲ್ಲಿ ಬೆಂಕಿ ಬಿದ್ದು ಸುಟ್ಟ ಮೇಲೆ ಮತ್ತೆ ಕಟ್ಟಿದ್ದು. ಕಟ್ಟಡಕ್ಕಿಂತ ಅದಕ್ಕೆ ಹತ್ತಿಹೋಗುವ ಆ ನೇರ ದಾರಿಯೇ ನನಗೆ ಹಿಡಿಸಿತು. ಇಡೀ ಕ್ಯಾಂಪಸ್ಸೇ ಸ್ಕಾಟ್ ಅರ್ಬೊರೀಟಮ್ ಎಂಬ ಸಸ್ಯೋದ್ಯಾನ, ಪ್ರವೇಶ ಉಚಿತ. 1942ರ ಬಯಲು ರಂಗಮಂದಿರವನ್ನು ತಪ್ಪಿಸಬೇಡಿ. ಇಳಿಜಾರಿನಲ್ಲಿ ಮೆಟ್ಟಿಲುಮೆಟ್ಟಿಲಾಗಿ ಕಲ್ಲಿನ ಕಟ್ಟೆಗಳು, ಆಸನಗಳ ನಡುವೆಯೇ ಎದ್ದು ನಿಂತ ಟ್ಯೂಲಿಪ್ ಮರಗಳು ಕಂಬದ ಕೆಲಸವನ್ನೂ ಛಾವಣಿಯ ಕೆಲಸವನ್ನೂ ಮಾಡುತ್ತವೆ. ಚಿತ್ರಕಾರ ಬೆಂಜಮಿನ್ ವೆಸ್ಟ್ 1738ರಲ್ಲಿ ಹುಟ್ಟಿದ ಕಲ್ಲಿನ ಮನೆಯೂ ಆವರಣದಲ್ಲೇ ಇದೆ, ಹೊರಗಿನಿಂದ ನೋಡಿದರೆ ಸಾಕು.

ಹೋಗುವ ಕಾಲ ಅಂದರೆ ಅಕ್ಟೋಬರ್, ಇಲ್ಲವೇ ಏಪ್ರಿಲ್ ಕೊನೆ. ಮೇ ತಿಂಗಳಲ್ಲಿ ಘಟಿಕೋತ್ಸವಗಳ ಗದ್ದಲ, ಆ ಬಯಲು ರಂಗಮಂದಿರದಲ್ಲಂತೂ ಕುರ್ಚಿ, ಮೈಕುಗಳ ಸಿದ್ಧತೆ. ಬೇಸಿಗೆ ರಜೆಯಲ್ಲಿ ಕ್ಯಾಂಪಸ್ ಖಾಲಿ, ಆದರೆ ಬಾಗಿಲುಗಳಿಗೂ ಬೀಗ. ತರಗತಿ ನಡೆಯುವ ವಾರದ ದಿನವಾದರೆ ಗ್ರೇಟ್ ಹಾಲ್ ಇಣುಕಿ ನೋಡಲು ಅವಕಾಶ ಹೆಚ್ಚು. ಮಳೆ ಬಂದರೆ ಸ್ವಾರ್ಥ್‌ಮೋರ್ ಕೈಬಿಟ್ಟು, ಆ ಹೊತ್ತನ್ನೂ ಬ್ರಿನ್ ಮಾರ್‌ನ ಪಡಸಾಲೆಗಳಲ್ಲೇ ಕಳೆಯಿರಿ.