ಕ್ರಿಸ್‌ಮಸ್ ಬೆಳಿಗ್ಗೆ ಸೈಕಲ್ ಸವಾರಿಗೆ

ಕಬ್ಬನ್ ಪಾರ್ಕ್‌ನಿಂದ ಹಲಸೂರು ಕೆರೆ, ವಾಪಸ್. ಮೊದಲ ಸಲ ಬರೋರಿದ್ರೆ ಇಷ್ಟೇ ಸಾಕು, ನಂದಿಬೆಟ್ಟ ಬೇಡ. ಡಿಸೆಂಬರ್ 25ಕ್ಕೆ ಬೆಂಗಳೂರಲ್ಲಿ ಸೂರ್ಯ ಹುಟ್ಟೋದು 6.40ರ ಆಸುಪಾಸು. 6ಕ್ಕೆ ಸೇರಿ ಅಂದ್ರೆ 6.30ಕ್ಕೆ ಹೊರಡಬಹುದು (ನಮ್ಮ ಜನ ಗೊತ್ತಲ್ಲ). ಮುಂದೆ ಬಿಳಿ ಲೈಟು, ಹಿಂದೆ ಕೆಂಪು ಬೇಕೇ ಬೇಕು. ರಾತ್ರಿ ಪಾರ್ಟಿ ಮುಗಿಸಿದ ಕಾರುಗಳು ಮನೆಗೆ ಹೋಗೋದೂ ಅದೇ ಹೊತ್ತಿಗೆ. ಶಿವಾಜಿನಗರದ ಬೆಸಿಲಿಕಾ ಚರ್ಚ್ ಕಡೆ ಬಲಿಪೂಜೆಗೆ (ಮಾಸ್ ಪ್ರಾರ್ಥನೆಗೆ) ಬರೋರ ಜನಸಂದಣಿ, ಆ ರಸ್ತೆ ಬಿಟ್ಬಿಡಿ. ಎಂ.ಜಿ. ರೋಡ್ ಎಷ್ಟು ಅಗಲ ಇದೆ ಅಂತ ಗೊತ್ತಾಗೋದೇ ಇಂಥ ಬೆಳಿಗ್ಗೆ.

ಪಂಕ್ಚರ್ ಅಂಗಡಿ ತೆಗೆದಿರಲ್ಲ. ಆರು ಜನಕ್ಕೆ ಒಂದು ಪಂಪು, ಎರಡು ಟೈರ್ ಲಿವರ್ (ರಿಮ್ಮಿಂದ ಟೈರ್ ಬಿಡಿಸೋ ಸಣ್ಣ ಮೀಟುಗೋಲು), ತೂತು ಮುಚ್ಚೋಕೆ ಒಂದು ಪ್ಯಾಚ್ ಕಿಟ್. ಟ್ಯೂಬ್ ಮಾತ್ರ ಅವರವರದೇ ತರಲಿ, ಚಕ್ರದ ಅಳತೆ ಬೇರೆಬೇರೆ. ಪಂಪು ಪ್ರೆಸ್ಟಾ (ಸಣ್ಣಗಿರೋದು), ಶ್ರೇಡರ್ (ಬೈಕ್, ಕಾರಿನ ಥರ ದಪ್ಪಗಿರೋದು) ಎರಡೂ ವಾಲ್ವ್‌ಗೆ ಕೂರುತ್ತಾ ಅಂತ ಹಿಂದಿನ ರಾತ್ರೀನೇ ನೋಡ್ಕೊಳ್ಳಿ. ಟ್ಯೂಬಲ್ಲಿ ಹಾವು ಕಚ್ಚಿದಂಗೆ ಅಕ್ಕಪಕ್ಕ ಎರಡು ತೂತಿದ್ರೆ ಸಾಮಾನ್ಯವಾಗಿ ಗಾಳಿ ಕಮ್ಮಿ ಇತ್ತು ಅಂತರ್ಥ. ಒಂದೇ ತೂತಾದ್ರೆ ಮುಳ್ಳು ಇನ್ನೂ ಟೈರಲ್ಲೇ ಇರಬಹುದು. ಒಳಗೆ ಹುಷಾರಾಗಿ ಬೆರಳಾಡಿಸಿ ತೆಗೀದೆ ಹೊಸ ಟ್ಯೂಬ್ ಹಾಕಿದ್ರೆ ಅದೂ ಹೋಯ್ತು.

ಚೆನ್ನಾಗಿ ಓಡಿಸೋರೊಬ್ಬರು ಗುಂಪಿನ ಕೊನೇಲಿರಲಿ, ಪಂಪು ಅವರ ಹತ್ರಾನೇ.