ಆಯಿಲ್ ಕೂಲರ್ ಲೈನ್ ಬಿಚ್ಚುವ ಮೊದಲು

ಅಮೆರಿಕದ ಮಿಶಿಗನ್‌ನಲ್ಲಿ ಒಂದು ಸಣ್ಣ ಗ್ಯಾರೇಜಿನಲ್ಲಿ ನನ್ನ ಕೆಲಸ. ನಮ್ಮ ಕಡೆಯವರು ಊರಿಂದ ಅಪ್ಪ ಅಮ್ಮ ಬರುತ್ತಾರೆ ಅಂದ ತಕ್ಷಣ ಒಂದು ಹಳೇ ಮಿನಿವ್ಯಾನ್ ಹುಡುಕಲು ಶುರು ಮಾಡುತ್ತಾರೆ. ಏಳೆಂಟು ಜನ ಕೂರಬಹುದು, ಬಾಗಿಲು ಪಕ್ಕಕ್ಕೆ ಜಾರುತ್ತದೆ, ಮಂಡಿ ನೋವಿರುವವರೂ ಸಲೀಸಾಗಿ ಹತ್ತುತ್ತಾರೆ. ಹತ್ತು ಹದಿನೈದು ವರ್ಷ ಓಡಿದ ಇಂಥ ವಿ6 (ಆರು ಸಿಲಿಂಡರ್ ಎಂಜಿನ್ನಿನ) ಗಾಡಿಗಳಲ್ಲಿ ನನಗೆ ಮತ್ತೆ ಮತ್ತೆ ಸಿಗುವ ಕೆಲಸ ಅಂದರೆ ಎಂಜಿನ್ ಎಣ್ಣೆ ತಣಿಸುವ ಆಯಿಲ್ ಕೂಲರ್‌ನ ಲೈನ್, ಅಂದರೆ ಅದರ ಪೈಪು, ಬದಲಿಸುವುದು.

ಎಲ್ಲ ಮಿನಿವ್ಯಾನ್‌ಗೂ ಈ ಲೈನ್ ಇರುವುದಿಲ್ಲ. ಹಿಂದೆ ಟ್ರೈಲರ್ ಎಳೆಯಲು ತಯಾರು ಮಾಡಿದ ಗಾಡಿಗಳಲ್ಲಿ ಜಾಸ್ತಿ. ಭಾರ ಎಳೆದರೆ ಎಣ್ಣೆ ಕಾಯುತ್ತದೆ. ಸಾಮಾನ್ಯ ಓಡಾಟದಲ್ಲಿ 100 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುವುದು ಏರಿನಲ್ಲಿ 120 ದಾಟಬಹುದು. ಅದಕ್ಕೇ ಫಿಲ್ಟರ್ ಹತ್ತಿರದಿಂದ ಎರಡು ಪೈಪು ಮುಂದಕ್ಕೆ, ರೇಡಿಯೇಟರ್ ಕಡೆಗೆ ಹೋಗುತ್ತವೆ. ಒಂದರಲ್ಲಿ ಬಿಸಿ ಎಣ್ಣೆ ಹೋಗುತ್ತದೆ, ಇನ್ನೊಂದರಲ್ಲಿ ತಣಿದು ವಾಪಸ್ ಬರುತ್ತದೆ. ಎರಡೂ ತುದಿಯಲ್ಲಿ ಲೋಹ, ನಡುವೆ ರಬ್ಬರ್. ಎಂಜಿನ್ ತನ್ನ ಮೌಂಟ್ ಮೇಲೆ ಅಲ್ಲಾಡುತ್ತಲೇ ಇರುತ್ತದೆ, ಕೂಲರ್ ಮಾತ್ರ ಗಾಡಿಯ ಚೌಕಟ್ಟಿಗೆ ಕಚ್ಚಿಕೊಂಡಿರುತ್ತದೆ. ಆ ಅಲುಗಾಟ ತಡೆದುಕೊಳ್ಳಲು ರಬ್ಬರ್ ಬೇಕೇ ಬೇಕು. ವರ್ಷಗಟ್ಟಲೆ ಬಿಸಿ ತಿಂದು ಅದೇ ರಬ್ಬರ್ ಗಟ್ಟಿಯಾಗುತ್ತದೆ. ರಬ್ಬರನ್ನು ಲೋಹದ ಪೈಪಿಗೆ ಒತ್ತಿ ಬಿಗಿದ ಜಾಗದ, ಅಂದರೆ ಕ್ರಿಂಪಿನ ಹತ್ತಿರ ಎಣ್ಣೆ ಜಿನುಗಲು ಶುರುವಾಗುತ್ತದೆ. ಜೊತೆಗೆ ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ. ಸ್ಟೀಲ್ ಪೈಪು ಹೊರಗಿನಿಂದ ತುಕ್ಕು ತಿನ್ನುತ್ತಾ ಹೋಗುತ್ತದೆ.

ಈಚೆಗೆ ಬೆಂಗಳೂರಿನ ಕಡೆಯ ಒಂದು ಕುಟುಂಬದ ಗಾಡಿ ಬಂದಿತ್ತು. ಬೇರೊಂದು ಗ್ಯಾರೇಜಿನವರು ಟೈಮಿಂಗ್ ಕವರ್ (ಎಂಜಿನ್ನಿನ ಟೈಮಿಂಗ್ ಚೈನಿನ ಮುಚ್ಚಳ) ಸೋರುತ್ತಿದೆ ಅಂದಿದ್ದರಂತೆ. ಅಡ್ಡಡ್ಡ ಕೂತ ವಿ6 ಎಂಜಿನ್‌ಗಳಲ್ಲಿ ಆ ಕವರ್ ಬಿಚ್ಚಲು ಕೆಲವು ಸಲ ಎಂಜಿನ್ನನ್ನೇ ಇಳಿಸಬೇಕು, ಖರ್ಚು ಸಾವಿರಾರು ಡಾಲರ್. ಗಾಡಿಯ ಯಜಮಾನರ ತಂದೆ ಊರಿಂದ ಬಂದಿದ್ದರು, ಅವರೂ ಜೊತೆಗಿದ್ದರು.

"ಏನಪ್ಪಾ, ಗಾಡಿ ಬೆಲೆಗಿಂತ ರಿಪೇರಿನೇ ಜಾಸ್ತಿ ಆಗೋ ಹಾಗಿದೆಯಲ್ಲ?" ಅಂದರು.

"ಸ್ವಲ್ಪ ತಾಳಿ ಅಂಕಲ್, ಮೊದಲು ಎಲ್ಲಿಂದ ಬರ್ತಿದೆ ನೋಡೋಣ" ಅಂದೆ.

ಗಾಡಿ ಎತ್ತಿದರೆ ಕೆಳಗೆಲ್ಲ ಎಣ್ಣೆ. ಎಂಜಿನ್ ಕೆಳಗೆ ಎಣ್ಣೆ ನಿಲ್ಲುವ ಆಯಿಲ್ ಪ್ಯಾನ್, ಟೈಮಿಂಗ್ ಕವರ್‌ನ ಕೆಳಭಾಗ, ಎಂಜಿನ್ ಹೊರುವ ಸಬ್‌ಫ್ರೇಮ್, ಎಲ್ಲವೂ ಒದ್ದೆ. ಹಾಗೆ ನೋಡಿದರೆ ಆ ಗ್ಯಾರೇಜಿನವರು ಹೇಳಿದ್ದೂ ಸರಿ ಅಂತಲೇ ಅನಿಸುತ್ತದೆ. ಆದರೆ ಈ ಲೈನ್‌ಗಳು ಇರುವುದು ಎಂಜಿನ್ನಿನ ಮುಂದೆ, ರೇಡಿಯೇಟರ್ ಫ್ಯಾನಿನ ದಾರಿಯಲ್ಲಿ. ಮುಂದೆ ಸೋರಿದ ಎಣ್ಣೆಯನ್ನು ಫ್ಯಾನಿನ ಗಾಳಿ ಎಂಜಿನ್ ಮೇಲೆ ಹೊಡೆಯುತ್ತದೆ. ಹೈವೇಯಲ್ಲಿ ಎದುರುಗಾಳಿ ಅದನ್ನು ಇನ್ನೂ ಹಿಂದಕ್ಕೆ ಹರಡುತ್ತದೆ. ಒಂದೆರಡು ವಾರ ಕಳೆದರೆ ಯಾವ ಗ್ಯಾಸ್ಕೆಟ್ (ಎರಡು ಭಾಗಗಳ ನಡುವೆ ಸೋರಿಕೆ ತಡೆಯುವ ಪದರ) ಮೇಲೆ ಬೇಕಾದರೂ ತಪ್ಪು ಹೊರಿಸಬಹುದು.

ನಾನು ಗಾಡಿಯವರನ್ನು ಒಂದು ಪ್ರಶ್ನೆ ಕೇಳಿದೆ: ನಿಲ್ಲಿಸಿದ ಜಾಗದಲ್ಲಿ ಕಲೆ ಬೀಳುತ್ತಾ? ಅಷ್ಟೇನಿಲ್ಲ ಅಂದರು. ಆದರೆ ಎಣ್ಣೆಯ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್‌ನಲ್ಲಿ ಎಣ್ಣೆ ಚೆನ್ನಾಗಿಯೇ ಇಳಿದಿತ್ತು. ಈ ಎರಡು ಸಂಗತಿ ಜೊತೆಯಾಗಿ ಬಂದರೆ ನನ್ನ ಅನುಮಾನ ಮೊದಲು ಪ್ರೆಶರ್ ಇರುವ ಜಾಗದ ಮೇಲೆ ಹೋಗುತ್ತದೆ. ಪ್ಯಾನ್ ಗ್ಯಾಸ್ಕೆಟ್ ಗಾಡಿ ನಿಂತಾಗಲೂ ತೊಟ್ಟಿಕ್ಕುತ್ತದೆ. ಲೈನ್ ಹಾಗಲ್ಲ, ಮುಖ್ಯವಾಗಿ ಎಂಜಿನ್ ಓಡುವಾಗ ಸೋರುತ್ತದೆ. ಚಳಿಯ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಣ್ಣೆ ಗಟ್ಟಿ ಇರುತ್ತದೆ, ಪ್ರೆಶರ್ ಏರುತ್ತದೆ, ರಬ್ಬರ್ ಬಿರುಸಾಗಿರುತ್ತದೆ. ಆಗಲೇ ಜಾಸ್ತಿ. (ಎಣ್ಣೆ ಖಾಲಿಯಾಗಲು ಇನ್ನೊಂದು ದಾರಿಯೂ ಇದೆ, ಎಂಜಿನ್ ಒಳಗೇ ಸುಟ್ಟುಹೋಗುವುದು. ಆದರೆ ಆಗ ಕೆಳಗೆ ಇಷ್ಟು ಒದ್ದೆ ಇರುವುದಿಲ್ಲ.)

ಕೆಳಗಿನದನ್ನೆಲ್ಲ ಬ್ರೇಕ್ ಕ್ಲೀನರ್ ಹೊಡೆದು ಒಣಗಿಸಿದೆವು. ಎಣ್ಣೆಗೆ ಯುವಿ ಡೈ (ಯುವಿ ಬೆಳಕಿನಲ್ಲಿ ಹೊಳೆಯುವ ಬಣ್ಣ) ಹಾಕಿ ಗಾಡಿ ಓಡಿಸಿ ತಂದು, ಹಳದಿ ಕನ್ನಡಕ ಹಾಕಿಕೊಂಡು ಯುವಿ ಟಾರ್ಚ್ ಬಿಟ್ಟೆವು. ಟೈಮಿಂಗ್ ಕವರ್ ಒಣಗಿತ್ತು. ಕ್ರಿಂಪಿನ ಕೆಳಗೆ ಹಸಿರು ಹಳದಿ ಗೆರೆ ಹೊಳೆಯುತ್ತಿತ್ತು. ಟ್ರಾನ್ಸ್‌ಮಿಷನ್ (ಗೇರ್‌ಬಾಕ್ಸ್) ಕೂಲರ್‌ನ ಲೈನೂ ಅಲ್ಲೇ ಪಕ್ಕದಲ್ಲಿ ಹೋಗುವುದರಿಂದ ಅದನ್ನೂ ಒಮ್ಮೆ ಕೈಯಿಂದ ಸವರಿ ನೋಡಿದೆ. ಆ ಎಣ್ಣೆ ಸಾಮಾನ್ಯವಾಗಿ ಕೆಂಪು, ಆದರೆ ಹಳೆಯದಾದರೆ ಕಂದು ತಿರುಗಿ ಮೋಸ ಮಾಡುತ್ತದೆ.

ಈಗ ಮಗನ ಸರದಿ. ವಾರದ ಕೊನೆಗೆ ನಯಾಗರಾಕ್ಕೆ ಹೊರಟಿದ್ದರು. "ಸದ್ಯಕ್ಕೆ ರಬ್ಬರ್ ಕತ್ತರಿಸಿ ಒಂದು ಹೋಸ್, ಎರಡು ಕ್ಲಾಂಪ್ ಹಾಕಿ ಕೊಡಿ. ಬಂದ್ಮೇಲೆ ನೋಡೋಣ" ಅಂದರು. ಇಂಟರ್ನೆಟ್‌ನಲ್ಲಿ ಯಾರೋ ಹಾಗೆ ಮಾಡಿದ್ದನ್ನು ನೋಡಿದ್ದರು.

ಇದಕ್ಕೆ ಮಾತ್ರ ನಾನು ಒಪ್ಪುವುದಿಲ್ಲ. ಜನ ಅಲ್ಲಿ ಹಾಕುವುದು ಸಾಮಾನ್ಯವಾಗಿ ಹೀಟರ್ ಹೋಸ್. ಅದು ಇಪಿಡಿಎಂ ಅನ್ನುವ ಜಾತಿಯ ರಬ್ಬರ್, ಎಂಜಿನ್ ತಣಿಸುವ ಕೂಲಂಟಿಗೆ ಬಹಳ ಒಳ್ಳೆಯದು. ಎಂಜಿನ್ ಎಣ್ಣೆ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಲೋಹದ ಪೈಪಿನ ತುದಿಯಲ್ಲಿ ಉಬ್ಬು ಇಲ್ಲದಿದ್ದರೆ ಕ್ಲಾಂಪ್ ಎಷ್ಟು ಬಿಗಿದರೂ ಹೋಸ್ ಜಾರುತ್ತದೆ. ಗಾಡಿ ಜೋರಾಗಿ ಓಡುವಾಗ ಆ ಲೈನಿನಲ್ಲಿ 3ರಿಂದ 5 ಬಾರ್ ಪ್ರೆಶರ್ ಇರಬಹುದು. ಎಂಜಿನ್ನಿನಲ್ಲಿ ಇರುವುದೇ ಆರು ಲೀಟರ್ ಆಸುಪಾಸು ಎಣ್ಣೆ. ಹೋಸ್ ಕಳಚಿದರೆ ಪಂಪು ತಾನೇ ಅದನ್ನೆಲ್ಲ ರಸ್ತೆಗೆ ಚೆಲ್ಲಿಬಿಡುತ್ತದೆ, ಅದಕ್ಕೆ ಬೇಕಾಗಿರುವುದು ಕೆಲವೇ ನಿಮಿಷ. ಡ್ಯಾಶ್‌ಬೋರ್ಡಿನ ಕೆಂಪು ದೀಪ ಎಣ್ಣೆ ಕಮ್ಮಿಯಾಗಿದೆ ಅಂತ ಮೊದಲೇ ಹೇಳುವ ದೀಪ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಅದು ಉರಿಯುವುದು ಪ್ರೆಶರ್ ತೀರಾ ಕುಸಿದ ಮೇಲೆ. ಅಷ್ಟರಲ್ಲಿ ಎಂಜಿನ್ ಒಳಗೆ ತಿರುಗುವ ಭಾಗಗಳನ್ನು ಹೊರುವ ಬೇರಿಂಗ್ ಒಣಗಲು ಶುರುವಾಗಿರುತ್ತದೆ. ಬಿಸಿ ಎಗ್ಸಾಸ್ಟ್ ಮೇಲೆ ಎಣ್ಣೆ ಬಿದ್ದರೆ ಬೆಂಕಿಯ ಭಯ ಬೇರೆ.

ಊರಲ್ಲಿ ಜೆಸಿಬಿ ಹೋಸ್ ಮಾಡಿಕೊಡುವ ಅಂಗಡಿಗಳಿವೆಯಲ್ಲ, ಅಂಥವರ ಹತ್ತಿರ ಮೆಷಿನ್ನಿನಲ್ಲಿ ಕ್ರಿಂಪ್ ಮಾಡಿಸಿಕೊಂಡರೆ ನನ್ನ ತಕರಾರಿಲ್ಲ. ಅದು ಸರಿಯಾದ ಕೆಲಸವೇ. ಒಂದೇ ಎಚ್ಚರ ಬೇಕು: ಸಾಮಾನ್ಯ ಹೈಡ್ರಾಲಿಕ್ ಹೋಸ್‌ಗೆ 100 ಡಿಗ್ರಿ ಮಿತಿ. ಇನ್ನೂ ಜಾಸ್ತಿ ಬಿಸಿ ತಡೆಯುವ ಹೋಸ್ ಕೇಳಿ ಹಾಕಿಸಬೇಕು. ಕೂಲರನ್ನೇ ತೆಗೆದುಹಾಕಿ ಅನ್ನುವವರೂ ಇದ್ದಾರೆ. ಟ್ರೈಲರ್ ಎಳೆಯುವುದಿಲ್ಲ ಅಂದರೆ, ಅದೇ ಎಂಜಿನ್ ಕೂಲರ್ ಇಲ್ಲದೆಯೂ ಮಾರಾಟವಾಗಿದ್ದರೆ, ಕಂಪನಿಯದೇ ಭಾಗ ಹಾಕಿ ಹಾಗೆ ಮಾಡಬಹುದು. ಸುಮ್ನೆ ಒಂದು ಹೋಸ್ ಬಗ್ಗಿಸಿ ಎರಡು ತುದಿ ಜೋಡಿಸುವುದು ನನಗೆ ಸರಿ ಕಾಣುವುದಿಲ್ಲ. ಈ ಗಾಡಿಗೆ ಎರಡೂ ಲೈನ್ ಹೊಸದನ್ನೇ ತರಿಸಿದೆವು. ಒಂದು ಸೋರಿದ್ದರೂ ಎರಡಕ್ಕೂ ವಯಸ್ಸು ಒಂದೇ, ಬಿಚ್ಚುವ ಕೂಲಿಯೂ ಹೆಚ್ಚು ಕಡಿಮೆ ಒಂದೇ.

ಕೆಲಸದಲ್ಲಿ ಕಷ್ಟ ಬರುವುದು ಕೂಲರ್ ಕಡೆಯ ನಟ್ಟಿನಲ್ಲಿ. ಕೂಲರ್ ಅಲ್ಯೂಮಿನಿಯಂ, ನಟ್ಟು ತುಕ್ಕು ಹಿಡಿದ ಸ್ಟೀಲ್. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಬಿಡುತ್ತೇನೆ. ಬಿಚ್ಚುವಾಗ ಎರಡು ಸ್ಪ್ಯಾನರ್ ಬೇಕು. ಒಂದು ಕೂಲರ್ ಕಡೆಯದನ್ನು ಅಲ್ಲಾಡದಂತೆ ಹಿಡಿಯಬೇಕು, ಇನ್ನೊಂದು ನಟ್ಟು ತಿರುಗಿಸಬೇಕು. ಒಂದೇ ಸ್ಪ್ಯಾನರಿನಲ್ಲಿ ಜಗ್ಗಿದರೆ ಕೂಲರಿನ ಕುತ್ತಿಗೆ ತಿರುಚಿಕೊಂಡು ಇನ್ನೂರು ಮುನ್ನೂರು ಡಾಲರ್ ಹೆಚ್ಚಿಗೆ ಕೈಬಿಡುತ್ತದೆ. ನಮ್ಮ ಹೊಸ ಹುಡುಗರಿಗೆ ನಾನು ಹೇಳಿಕೊಡುವ ಮೊದಲ ಪಾಠ ಇದೇ.

ತೆರೆದ ತುದಿಗಳಿಗೆ ತಕ್ಷಣ ಕ್ಯಾಪ್ ಹಾಕಬೇಕು. ಕೆಲವು ಎಂಜಿನ್‌ಗಳಲ್ಲಿ ಕೂಲರಿನಿಂದ ಬರುವ ಎಣ್ಣೆ ಫಿಲ್ಟರಿಗೆ ಮತ್ತೆ ಹೋಗುವುದೇ ಇಲ್ಲ. ಒಂದು ಚೂರು ತುಕ್ಕು ಒಳಗೆ ಬಿದ್ದರೆ ನೇರ ಬೇರಿಂಗಿಗೆ. ಓ-ರಿಂಗ್ (ಸೋರಿಕೆ ತಡೆಯುವ ರಬ್ಬರ್ ಉಂಗುರ), ವಾಷರ್ ಎಲ್ಲ ಹೊಸದು, ಓ-ರಿಂಗಿಗೆ ಎಣ್ಣೆ ಸವರಿ ಹಾಕಬೇಕು. ನಟ್ಟನ್ನು ಮೊದಲು ಬೆರಳಿನಿಂದ ಕೂರಿಸಿ, ಆಮೇಲೆ ಅಳತೆಗೆ ತಕ್ಕಷ್ಟೇ ಬಿಗಿಸುವ ಟಾರ್ಕ್ ರೆಂಚ್. ಪೈಪು ಹಿಡಿಯುವ ಚಿಕ್ಕ ಬ್ರಾಕೆಟ್‌ಗಳನ್ನು ಕೆಲವರು ತುಕ್ಕು ಹಿಡಿದಿದೆ ಅಂತ ಬಿಟ್ಟುಬಿಡುತ್ತಾರೆ. ಅದಿಲ್ಲದಿದ್ದರೆ ಪೈಪು ನಡುಗಿ ನಡುಗಿ ಬಿರುಕು ಬಿಡುತ್ತದೆ.

ಹೊಸ ಎಣ್ಣೆ, ಫಿಲ್ಟರ್ ಹಾಕಿ ಸ್ಟಾರ್ಟ್ ಮಾಡಿದಾಗ ಕೆಂಪು ದೀಪ ಆರುವವರೆಗೆ ಆಕ್ಸಿಲರೇಟರ್ ಮುಟ್ಟಬಾರದು. ಕೂಲರ್, ಲೈನ್ ಎರಡೂ ತುಂಬಿದ ಮೇಲೆ ಡಿಪ್‌ಸ್ಟಿಕ್ ಮಟ್ಟ ಇಳಿಯುತ್ತದೆ, ಅದು ಸೋರಿಕೆ ಅಲ್ಲ. ಇನ್ನಷ್ಟು ಹಾಕಿ, ಎಂಜಿನ್ ಪೂರ್ತಿ ಬಿಸಿಯಾಗುವ ತನಕ ಓಡಿಸಿ ಬಂದು, ಕೆಳಗಿನ ಕವರ್ ಹಾಕದೆ ಮತ್ತೆ ಟಾರ್ಚ್ ಬಿಟ್ಟು ನೋಡಿದೆ. ಒಣಗಿತ್ತು. ಆಮೇಲೆ ಕವರ್ ಹಾಕಿದೆ. ಅದರ ಪ್ಲಾಸ್ಟಿಕ್ ಕ್ಲಿಪ್‌ಗಳಲ್ಲಿ ಅರ್ಧ ಮುರಿದಿದ್ದವು, ಅವಕ್ಕೂ ಹೊಸದು ಹಾಕಿ ಬಿಲ್ಲಿಗೆ ಸೇರಿಸಿದೆ. ನಯಾಗರಾಕ್ಕೆ ಹೋಗುವಾಗ ಪೆಟ್ರೋಲ್ ಹಾಕಿಸಲು ನಿಲ್ಲಿಸಿದಾಗಲೆಲ್ಲ ಡಿಪ್‌ಸ್ಟಿಕ್ ನೋಡಿ ಅಂದೆ. ಅದು ಎಲ್ಲಿದೆ ಅಂತ ಮಗನಿಗೆ ಗೊತ್ತಿರಲಿಲ್ಲ, ಬಾನೆಟ್ ಎತ್ತಿ ತಂದೆಯೇ ತೋರಿಸಿದರು.